ಹನ್ನೆರಡು ಲಕ್ಷದ ವಿನಾಯಿತಿ, ಹದಿಮೂರು ಸಾವಿರದ ಸಂಬಳ

(2025ರ ಮೇ ತಿಂಗಳಲ್ಲಿ ಪೀಣ್ಯದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಕಾರ್ಖಾನೆ ಕೆಲಸಗಾರರು, ಸಣ್ಣ ಘಟಕಗಳ ಮಾಲೀಕರು, ಬ್ಯಾಂಕು ಮತ್ತು ಸಾಫ್ಟ್‌ವೇರ್ ನೌಕರರು ಎಲ್ಲರೂ ಇದ್ದರು. ಅಂದಿನ ಅಂಕಿಗಳನ್ನು ಹಾಗೆಯೇ ಉಳಿಸಿದ್ದೇನೆ. ಆಮೇಲೆ ಬದಲಾದದ್ದು ಮುಖ್ಯ ಅನ್ನಿಸಿದ ಕಡೆ ಆವರಣದಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವರ್ಷ ಎರಡು ಸುದ್ದಿಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಅವರು ಬಜೆಟ್ ಓದಿದರು. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದರು. ಸಂಬಳದವರಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ 12.75 ಲಕ್ಷ. ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕನಿಷ್ಠ ವೇತನ ಹೆಚ್ಚಿಸುವ ಕರಡು ಅಧಿಸೂಚನೆ ಹೊರಡಿಸಿತು. ಕೌಶಲ ಬೇಡದ ಕೆಲಸಕ್ಕೆ ಮೊದಲ ವಲಯವಾದ ಬೆಂಗಳೂರಿನಲ್ಲಿ ತಿಂಗಳಿಗೆ 23,376 ರೂಪಾಯಿ, ಎರಡನೇ ವಲಯದಲ್ಲಿ 21,251, ಮೂರನೇ ವಲಯದಲ್ಲಿ 19,319.

ಪೇಪರಿನಲ್ಲಿ ಓದಿದಾಗ ಎರಡೂ ಒಂದೇ ಥರ ಕಾಣುತ್ತವೆ. ದುಡಿಯುವವರ ಕೈಗೆ ಒಂದಿಷ್ಟು ಹೆಚ್ಚು ಹಣ, ಅಷ್ಟೇ ಅಲ್ವಾ? ಆದರೆ ಒಂದು ಈಗಾಗಲೇ ಜಾರಿಯಲ್ಲಿದೆ. ಇನ್ನೊಂದು ಇನ್ನೂ ಕರಡು. ಈ ವ್ಯತ್ಯಾಸದ ಬಗ್ಗೆಯೇ ಇವತ್ತು ಮಾತಾಡಬೇಕು ಅಂದುಕೊಂಡು ಬಂದಿದ್ದೇನೆ.

ನನ್ನ ಕೆಲಸ ಲೆಕ್ಕ ಬರೆಯುವುದು. ಈ ಭಾಗದ ಸಣ್ಣ ಘಟಕಗಳಿಗೆ ಸಂಬಳದ ರಿಜಿಸ್ಟರ್, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಚಲನ್ ಮಾಡಿಕೊಡುತ್ತೇನೆ. ಜುಲೈ ಬಂದರೆ ನೌಕರರ ಐಟಿ ರಿಟರ್ನ್ ತುಂಬುತ್ತೇನೆ. ಹಾಗಾಗಿ ಎರಡೂ ಕಡೆಯ ಕಾಗದ ನನ್ನ ಮೇಜಿನ ಮೇಲೇ ಇರುತ್ತವೆ. ತೆರಿಗೆ ಕಡಿಮೆಯಾದರೆ ಅದು ನೌಕರನಿಗೆ ಹೇಗೆ ತಲುಪುತ್ತದೆ, ಕೂಲಿ ಹೆಚ್ಚಾದರೆ ಅದು ಹೆಲ್ಪರಿಗೆ ಹೇಗೆ ತಲುಪುತ್ತದೆ, ಅಥವಾ ತಲುಪುವುದಿಲ್ಲ, ಇದನ್ನು ತಿಂಗಳು ತಿಂಗಳೂ ನೋಡುತ್ತೇನೆ.

ಮೊದಲು ತೆರಿಗೆ. ವರ್ಷಕ್ಕೆ 12 ಲಕ್ಷ ಆದಾಯ ಇರುವವರು ಕಳೆದ ವರ್ಷದ ದರದಲ್ಲಿ 80 ಸಾವಿರ ಕಟ್ಟಬೇಕಿತ್ತು. ಈಗ ಸೊನ್ನೆ. 18 ಲಕ್ಷದವರಿಗೆ 70 ಸಾವಿರ ಉಳಿಯುತ್ತದೆ. 25 ಲಕ್ಷದವರಿಗೆ 1 ಲಕ್ಷದ 10 ಸಾವಿರ. ಈ ಉಳಿತಾಯಕ್ಕಾಗಿ ಅವರು ಯಾರ ಹತ್ತಿರವೂ ಹೋಗಬೇಕಿಲ್ಲ. ಏಪ್ರಿಲ್ ತಿಂಗಳ ಸಂಬಳದಲ್ಲೇ ಕಂಪನಿಯವರು ಟಿಡಿಎಸ್, ಅಂದರೆ ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಕಡಿಮೆ ಹಿಡಿದಿದ್ದಾರೆ. ಕಂಪ್ಯೂಟರಿನಲ್ಲಿ ದರ ಬದಲಾಯಿತು, ಬ್ಯಾಂಕ್ ಖಾತೆಗೆ ಜಾಸ್ತಿ ಹಣ ಬಂತು. ಮಾಲೀಕ ಒಪ್ಪಬೇಕು ಅಂತಿಲ್ಲ. ಮೇಲಧಿಕಾರಿಗೆ ಅರ್ಜಿ ಕೊಡಬೇಕು ಅಂತಿಲ್ಲ. ಯಾರೂ ಕೋರ್ಟಿಗೆ ಹೋಗಿ ತಡೆ ತರುವುದಿಲ್ಲ.

ಈಗ ಕೂಲಿ. 1948ರ ಕನಿಷ್ಠ ವೇತನ ಕಾಯ್ದೆಯ ಪ್ರಕಾರ ಸರ್ಕಾರ ಐದು ವರ್ಷ ಮೀರದಂತೆ ಕೂಲಿಯನ್ನು ಪರಿಷ್ಕರಿಸಬೇಕು. ಅದಕ್ಕೆ ಒಂದು ದಾರಿ ಸಮಿತಿ ಮಾಡುವುದು. ಇನ್ನೊಂದು ದಾರಿ ಕರಡು ಹೊರಡಿಸಿ ಎರಡು ತಿಂಗಳು ಆಕ್ಷೇಪಣೆ ಕೇಳುವುದು. ಆಕ್ಷೇಪಣೆ ಬರುತ್ತದೆ, ಬಂದೇ ಬರುತ್ತದೆ. ಸಲಹಾ ಮಂಡಳಿಯ ಮುಂದೆ ಹೋಗುತ್ತದೆ. ಅಂತಿಮ ಅಧಿಸೂಚನೆ ಹೊರಬಿದ್ದರೆ ಯಾರಾದರೂ ಹೈಕೋರ್ಟಿಗೆ ಹೋಗುತ್ತಾರೆ. ಇದೆಲ್ಲ ದಾಟಿ ಜಾರಿಗೆ ಬಂದ ಮೇಲೂ ಮಾಲೀಕ ಕೊಡಬೇಕು. ಕೊಡದಿದ್ದರೆ ಕೆಲಸಗಾರ ದೂರು ಕೊಡಬೇಕು. ದೂರು ಕೊಟ್ಟವನಿಗೆ ಆ ಕೆಲಸ ಉಳಿಯುತ್ತಾ ಅನ್ನುವುದು ನಿಮಗೇ ಗೊತ್ತಿದೆ.

ಅಂದರೆ ತೆರಿಗೆಯ ಉಳಿತಾಯ ತಾನಾಗಿ ಬರುತ್ತದೆ. ಕೂಲಿಯ ಹೆಚ್ಚಳವನ್ನು ಕೇಳಿ, ಕಾದು, ಕೆಲವು ಸಲ ಬೀದಿಗಿಳಿದು ಪಡೆಯಬೇಕು. ಇದು ಬದಲಾಗಬೇಕು ಎಂಬುದೇ ನನ್ನ ಮಾತಿನ ತಿರುಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೆರಿಗೆ ಇಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೆ ಒಂದು ಲಕ್ಷ ಸಂಬಳದವರು ಬೆಂಗಳೂರಿನಲ್ಲಿ ಮನೆ ಸಾಲದ ಕಂತು, ಮಕ್ಕಳ ಶಾಲೆಯ ಫೀಸು, ಅಪ್ಪ ಅಮ್ಮನ ಔಷಧಿ ಕಟ್ಟುವಷ್ಟರಲ್ಲಿ ಖಾಲಿಯಾಗುತ್ತಾರೆ. ಅವರ ಸಂಬಳದಿಂದ ತೆರಿಗೆ ಮೂಲದಲ್ಲೇ ಹಿಡಿಯುತ್ತಾರೆ. ತಪ್ಪಿಸಿಕೊಳ್ಳುವ ದಾರಿ ಅವರಿಗಿಲ್ಲ. ಅವರಿಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಬೇಕು ಅಂತ ನನಗೆ ಅನ್ನಿಸಿಲ್ಲ. ಅವರಿಗೆ ಸಿಕ್ಕ ವೇಗ ಇವರಿಗೂ ಸಿಗಬೇಕು.

ಈ ಎರಡು ನೀತಿಗಳು ಒಬ್ಬನೇ ಮನುಷ್ಯನ ಬಾಗಿಲಿಗೆ ಬರುವ ದೇಶಗಳೂ ಇವೆ. ಬ್ರಿಟನ್ ನೋಡಿ. ಅಲ್ಲಿ 1999ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಒಂದು ಕನಿಷ್ಠ ವೇತನ ಬಂತು, ಗಂಟೆಗೆ 3.60 ಪೌಂಡ್. ಅಲ್ಲಿ ಪೂರ್ತಿ ಹೊತ್ತು ಕನಿಷ್ಠ ವೇತನಕ್ಕೆ ದುಡಿಯುವವನೂ ಆದಾಯ ತೆರಿಗೆ ಕಟ್ಟುತ್ತಾನೆ. ಅದಕ್ಕೇ 2010ರ ನಂತರ ಅಲ್ಲಿನ ಸರ್ಕಾರ ತೆರಿಗೆ ಇಲ್ಲದ ಮಿತಿಯನ್ನು 6,475 ಪೌಂಡಿನಿಂದ ಏರಿಸುತ್ತಾ 2019ಕ್ಕೆ 12,500ಕ್ಕೆ ತಂದಾಗ, ಕಡಿಮೆ ಸಂಬಳದವರಿಗೂ ಅದರ ಫಲ ನೇರವಾಗಿ ಸಿಕ್ಕಿತು. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಕನಿಷ್ಠ ವೇತನದವರು ಆದಾಯ ತೆರಿಗೆಯ ಗೆರೆಯಿಂದ ಬಹಳ ಕೆಳಗಿದ್ದಾರೆ. ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಟೈಲರಮ್ಮನಿಗೆ ತಿಂಗಳಿಗೆ 13 ಸಾವಿರ ಸಂಬಳ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ವರ್ಷಕ್ಕೆ 1 ಲಕ್ಷದ 56 ಸಾವಿರ. 12 ಲಕ್ಷದ ಮಿತಿಯನ್ನು 20 ಲಕ್ಷ ಮಾಡಿದರೂ ಆ ಟೈಲರಮ್ಮನಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಅವರ ಪಾಲಿಗೆ ಬಜೆಟ್ಟಿನ ದಿನ ಅಂದರೆ ರಾಜ್ಯ ಸರ್ಕಾರ ತುಟ್ಟಿಭತ್ಯೆಯ (ಡಿಎ) ಆದೇಶ ಹೊರಡಿಸುವ ದಿನ.

ಹಾಗಂತ ಅವರು ತೆರಿಗೆಯನ್ನೇ ಕಟ್ಟುವುದಿಲ್ಲ ಅಂತ ತಿಳಿಯಬೇಡಿ. 299 ರೂಪಾಯಿಯ ಮೊಬೈಲ್ ರೀಚಾರ್ಜಿನಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ ಇದೆ. ಸೋಪು, ಟೂತ್‌ಪೇಸ್ಟು, ತಲೆಗೆ ಹಾಕುವ ಎಣ್ಣೆ, ಎಲ್ಲದಕ್ಕೂ 18 ಪರ್ಸೆಂಟ್. (2025ರ ಸೆಪ್ಟೆಂಬರ್ 22ರಿಂದ ಈ ಮೂರಕ್ಕೂ 5 ಪರ್ಸೆಂಟ್ ಆಗಿದೆ. ಒಳ್ಳೆಯದೇ ಆಯಿತು. ರೀಚಾರ್ಜ್ ಮಾತ್ರ 18ರಲ್ಲೇ ಇದೆ.) ನಾವು ಟ್ಯಾಕ್ಸ್ ಕಟ್ಟುವವರು, ಅವರು ಸವಲತ್ತು ತಿನ್ನುವವರು ಅಂತ ಕೆಲವರು ಮಾತಾಡುವುದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ಇಡೀ ಸಂಬಳ ಅಂಗಡಿಯಲ್ಲೇ ಖರ್ಚಾಗುವವರು, ತಮ್ಮ ಆದಾಯದ ಲೆಕ್ಕದಲ್ಲಿ ನೋಡಿದರೆ, ಸಣ್ಣ ತೆರಿಗೆಯನ್ನೇನೂ ಕಟ್ಟುತ್ತಿಲ್ಲ.

ಈಗ 2020ರ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಡಿಎ, ಅಂದರೆ ತುಟ್ಟಿಭತ್ಯೆ, ಬದಲಾಗುತ್ತದೆ. ಹಿಂದಿನ ವರ್ಷ ಬೆಲೆ ಎಷ್ಟು ಏರಿತೋ ಅದಕ್ಕೆ ತಕ್ಕಂತೆ ಕನಿಷ್ಠ ವೇತನವೂ ಏರಬೇಕು. ಇದು ನಿಜವಾದ ಹೆಚ್ಚಳವೇ ಅಲ್ಲ. ಬೆಲೆ ಏರಿದ್ದಕ್ಕೆ ಸಮ ಮಾಡುವುದು ಅಷ್ಟೇ. 2020ರ ಏಪ್ರಿಲ್‌ನಲ್ಲಿ ಆ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 16 ರೂಪಾಯಿ. ಕೋವಿಡ್ ಕಾಲ. ಜುಲೈನಲ್ಲಿ ಸರ್ಕಾರ ಅದನ್ನು ಮುಂದೂಡಿ ಆದೇಶ ಮಾಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಹಳಷ್ಟು ಗಾರ್ಮೆಂಟ್ಸ್ ಕಾರ್ಖಾನೆಗಳು ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕೆಲಸಗಾರರ ಬಾಕಿ ಅದು. ಬಹುಪಾಲು ಹೆಣ್ಣುಮಕ್ಕಳು. ಇಲ್ಲಿನ ಸಂಘಟನೆಗಳು ಗಲಾಟೆ ಮಾಡಿದವು. ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಎಂಬ ಸಂಸ್ಥೆ ಇದನ್ನು ಹೊರದೇಶದ ಬ್ರಾಂಡ್‌ಗಳ ಮುಂದಿಟ್ಟಿತು. 2022ರ ಹೊತ್ತಿಗೆ ಬಾಕಿ ಬರಲು ಶುರುವಾಯಿತು.

ಲೆಕ್ಕ ಹಾಕಿ. 417 ರೂಪಾಯಿ 60 ಪೈಸೆ ಅಂದರೆ ವರ್ಷಕ್ಕೆ 5 ಸಾವಿರ. ಈ ಐದು ಸಾವಿರಕ್ಕಾಗಿ ಸರ್ಕಾರದ ಆದೇಶ, ಹೈಕೋರ್ಟಿನ ತಡೆ, ಬೇರೆ ದೇಶದ ಪತ್ರಿಕೆಗಳಲ್ಲಿ ಸುದ್ದಿ, ಎರಡು ವರ್ಷದ ಕಾಯುವಿಕೆ. 12 ಲಕ್ಷದವರಿಗೆ 80 ಸಾವಿರ ಉಳಿಸಲು ಬಜೆಟ್ ಭಾಷಣದ ಒಂದು ಪುಟ ಸಾಕಾಯಿತು. ಆ 80 ಸಾವಿರ ಅಂದರೆ 13 ಸಾವಿರ ಸಂಬಳದವರ ಆರು ತಿಂಗಳ ದುಡಿಮೆ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಸರಿಯಾಗಿ ಕರೆ ಕೊಟ್ಟ ನಾಯಕರು ಯಾರೂ ಇರಲಿಲ್ಲ. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಗೆದ್ದರು, ನಿಜ. ಆದರೆ ಲಾಠಿ ಏಟು ತಿಂದರು, ಕೇಸು ಹಾಕಿಸಿಕೊಂಡರು. ತಮ್ಮದೇ ಹಣ ತಮಗೆ ಬೇಕಾದಾಗ ಸಿಗಬೇಕು ಎಂದು ಕೇಳಿದ್ದಕ್ಕೆ.

ಇನ್ನು ಕೂಲಿ ಎಷ್ಟಿರಬೇಕು ಎಂಬ ಪ್ರಶ್ನೆ. ಯಾರೋ ಗಾಳಿಯಲ್ಲಿ ಗುಂಡು ಹೊಡೆದು 23 ಸಾವಿರ ಅಂದಿದ್ದಲ್ಲ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಸಂಘಗಳು ಮೂವರೂ ಕೂತು ಒಂದು ಲೆಕ್ಕ ಒಪ್ಪಿಕೊಂಡರು. ದುಡಿಯುವ ಒಬ್ಬರನ್ನು ನಂಬಿ ಮೂರು ಜನರ ಊಟ. ದೊಡ್ಡವರಿಗೆ ದಿನಕ್ಕೆ 2,700 ಕ್ಯಾಲೊರಿ. ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರಿ ಕೈಗಾರಿಕಾ ವಸತಿ ಯೋಜನೆಯ ಮಟ್ಟದ ಬಾಡಿಗೆ. ಸೌದೆ, ದೀಪ, ಇತರ ಖರ್ಚಿಗೆ ಒಟ್ಟು ಕೂಲಿಯಲ್ಲಿ 20 ಪರ್ಸೆಂಟ್. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದು ಭಾಗ ಸೇರಿಸಿತು. ಮಕ್ಕಳ ಓದು, ಆಸ್ಪತ್ರೆ, ಹಬ್ಬ ಹರಿದಿನ, ಮದುವೆ, ಮುಪ್ಪು, ಇವಕ್ಕೆಂದು 25 ಪರ್ಸೆಂಟ್. ಈಗಿನ ಕರಡು ಇದೇ ಲೆಕ್ಕದ ಮೇಲೆ ನಿಂತಿದೆ.

ಈ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಇದರಲ್ಲಿ ಐಷಾರಾಮದ ಒಂದು ವಸ್ತುವೂ ಇಲ್ಲ. ಅಕ್ಕಿ, ಬೇಳೆ, ಬಟ್ಟೆ, ಬಾಡಿಗೆ, ಸ್ಕೂಲು. ಇದನ್ನೆಲ್ಲ ಇವತ್ತಿನ ಬೆಲೆಗೆ ಕೂಡಿಸಿದರೆ 23 ಸಾವಿರ ಬರುತ್ತದೆ. ಕೂಡಿಸಿದ್ದರಲ್ಲಿ ತಪ್ಪಿದ್ದರೆ ತೋರಿಸಲಿ. ಮೊತ್ತ ದೊಡ್ಡದಾಯಿತು ಅಂತ ಮಾತ್ರ ಹೇಳಿದರೆ, ಯಾವ ಸಾಲನ್ನು ಹೊಡೆದು ಹಾಕಬೇಕು ಅನ್ನುವುದನ್ನೂ ಹೇಳಬೇಕು. ಮಕ್ಕಳ ಓದನ್ನಾ? ಔಷಧಿಯನ್ನಾ?

ಕನಿಷ್ಠ ವೇತನವನ್ನೂ ಕೊಡಲಾಗದ ಉದ್ದಿಮೆಗೆ ಇರುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ ಐವತ್ತರ ದಶಕದಲ್ಲೇ ಹೇಳಿತ್ತು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ವಿಷಯದಲ್ಲಿ, ಅದಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಯ ಉಲ್ಲಂಘನೆ ಎಂದಿತು. ಕಾನೂನಿನ ಮಾತು ಇಷ್ಟು ಗಟ್ಟಿಯಾಗಿದೆ. ದಂಡ ನೋಡಿದರೆ 500 ರೂಪಾಯಿ. 1948ರ ಕಾಯ್ದೆಯಲ್ಲಿ ಕಡಿಮೆ ಕೂಲಿ ಕೊಟ್ಟವರಿಗೆ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದಿದೆ. (2019ರಲ್ಲಿ ಪಾಸಾದ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಈ ಕಾಯ್ದೆಯ ಬದಲಿಗೆ ಜಾರಿಗೆ ಬಂದಿದೆ. ಅದರಲ್ಲಿ ದಂಡ 50 ಸಾವಿರದವರೆಗೆ ಏರಿದೆ. ಮೊದಲ ಸಲದ ತಪ್ಪಿಗೆ ಜೈಲು ಇಲ್ಲ. ಬಾಕಿ ಕೇಳಲು ಹಿಂದೆ ಆರು ತಿಂಗಳು ಇತ್ತು, ಈಗ ಮೂರು ವರ್ಷ. ಪಟ್ಟಿಯಲ್ಲಿರುವ ಉದ್ಯೋಗಕ್ಕೆ ಮಾತ್ರ ಎಂಬ ಮಿತಿಯೂ ಹೋಗಿದೆ. ಇವೆರಡು ನಿಜವಾದ ಸುಧಾರಣೆ.)

ಕೇಂದ್ರದ ಪಾತ್ರ ಇನ್ನೂ ಬೇಸರ ತರಿಸುತ್ತದೆ. ಇಡೀ ದೇಶಕ್ಕೆ ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಒಂದು ತಳಮಟ್ಟದ ಕೂಲಿ ಇದೆ. 2017ರಲ್ಲಿ ಅದು ದಿನಕ್ಕೆ 176 ರೂಪಾಯಿ. ಅದಕ್ಕೂ ಕಾನೂನಿನ ಬಲ ಇರಲಿಲ್ಲ, ಸಲಹೆ ಅಷ್ಟೇ. 2019ರಲ್ಲಿ ಅನೂಪ್ ಸತ್ಪತಿ ಅವರ ಸಮಿತಿ ದಿನಕ್ಕೆ 375 ಮಾಡಿ ಎಂದಿತು. ಮಾಡಲಿಲ್ಲ. ಅದೇ 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದರು. ಸರ್ಕಾರವೇ ಹೇಳಿದಂತೆ ವರ್ಷಕ್ಕೆ 1 ಲಕ್ಷದ 45 ಸಾವಿರ ಕೋಟಿ ಬಿಟ್ಟುಕೊಟ್ಟ ಹಣ. ಅದಕ್ಕೆ ಕೂಲಿ ಹೆಚ್ಚಿಸಬೇಕು ಎಂಬ ಷರತ್ತೇನೂ ಇರಲಿಲ್ಲ.

ಈ ಸಲದ ಆದಾಯ ತೆರಿಗೆ ಕಡಿತಕ್ಕೆ ಸುಮಾರು 1 ಲಕ್ಷ ಕೋಟಿ ಖರ್ಚು ಎಂದು ಬಜೆಟ್ಟಿನಲ್ಲೇ ಹೇಳಿದ್ದಾರೆ. ಇದೇ ಬಜೆಟ್ಟಿನಲ್ಲಿ ದೇಶದ ನರೇಗಾ ಕೆಲಸಕ್ಕೆ ಇಟ್ಟದ್ದು 86 ಸಾವಿರ ಕೋಟಿ. ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಆದಾಯ ತೆರಿಗೆ ಪೂರ್ತಿ ಕೇಂದ್ರದ್ದಲ್ಲ. ಅದರಲ್ಲಿ 41 ಪರ್ಸೆಂಟ್ ರಾಜ್ಯಗಳಿಗೆ ಹೋಗಬೇಕು. 15ನೇ ಹಣಕಾಸು ಆಯೋಗದ ಪ್ರಕಾರ ಆ ಪಾಲಿನಲ್ಲಿ ಕರ್ನಾಟಕಕ್ಕೆ 3.647 ಪರ್ಸೆಂಟ್. ಹಾಗೆ ನೋಡಿದರೆ ಈ ಕಡಿತದಿಂದ ನಮ್ಮ ರಾಜ್ಯಕ್ಕೆ ಬರಬೇಕಿದ್ದ ಹಣದಲ್ಲಿ ಸುಮಾರು 1,500 ಕೋಟಿ ಕಡಿಮೆಯಾಗುತ್ತದೆ. ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದು ತಿಂಗಳಿಗೆ ಹದಿನೈದು ಸಾವಿರ ಖಾತ್ರಿ ಮಾಡಿ ಅಂತ ಕೇಳಲು. ಅವರನ್ನು ಸರ್ಕಾರ ಕೆಲಸಗಾರರು ಅಂತಲೇ ಕರೆಯುವುದಿಲ್ಲ, ಅವರಿಗೆ ಸಿಗುವುದು ಗೌರವಧನ. ಹಾಗಾಗಿ ಕನಿಷ್ಠ ವೇತನದ ಮಾತೇ ಬರುವುದಿಲ್ಲ.

ತೆರಿಗೆ ಇಳಿಸಿದರೆ ಜನ ಖರ್ಚು ಮಾಡುತ್ತಾರೆ, ಖರ್ಚು ಮಾಡಿದರೆ ಕಾರ್ಖಾನೆ ನಡೆಯುತ್ತದೆ, ಕೊನೆಗೆ ಎಲ್ಲರಿಗೂ ಒಳ್ಳೆಯದು ಎನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಖರ್ಚೇ ಬೇಕಿದ್ದರೆ, ಕಡಿಮೆ ಸಂಬಳದವರ ಕೈಗೆ ಕೊಟ್ಟ ಹಣದಷ್ಟು ಬೇಗ ಖರ್ಚಾಗುವ ಹಣ ಇನ್ನೊಂದಿಲ್ಲ. ಐದನೇ ತಾರೀಕು ಸಂಬಳ ಬಂದರೆ ಹತ್ತಕ್ಕೆ ಬಾಡಿಗೆ, ದಿನಸಿ ಅಂಗಡಿಯ ಬಾಕಿ, ಚೀಟಿ ಹಣ, ಮಗುವಿನ ಬಸ್ ಫೀಸು. ಅಷ್ಟೂ ಇದೇ ಪೀಣ್ಯ, ದಾಸರಹಳ್ಳಿ, ಲಗ್ಗೆರೆಯ ಬೀದಿಯಲ್ಲೇ ಖರ್ಚಾಗುತ್ತದೆ.

ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳನ್ನು ಪಕ್ಕದ ಪೆನ್ಸಿಲ್ವೇನಿಯಾದ ಹೋಟೆಲುಗಳ ಜೊತೆ ಹೋಲಿಸಿದರು. ಕೆಲಸ ಕಡಿಮೆಯಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆದರೆ ಅದು ಸುಮಾರು ಐದನೇ ಒಂದು ಪಾಲಿನ ಏರಿಕೆ. ನಮ್ಮ ಕರಡಿನಲ್ಲಿ ಕೆಲವು ಕೆಲಸಗಳ ಕೂಲಿ ಒಂದೇ ಸಲ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಆ ಅನುಭವವನ್ನು ಹಾಗೆಯೇ ಇಲ್ಲಿಗೆ ತಂದು ಏನೂ ಆಗುವುದಿಲ್ಲ ಅಂದರೆ ಅದು ಪ್ರಾಮಾಣಿಕ ಮಾತಾಗುವುದಿಲ್ಲ.

ಇಲ್ಲಿ ಕೂತಿರುವ ಸಣ್ಣ ಘಟಕಗಳ ಮಾಲೀಕರ ಕಷ್ಟ ನನಗೆ ಗೊತ್ತು. ಇಪ್ಪತ್ತು ಜನ ಇರುವ ಲೇತ್ ಶಾಪ್. ಒಬ್ಬೊಬ್ಬರಿಗೆ ಹತ್ತು ಸಾವಿರ ಹೆಚ್ಚಾದರೆ ತಿಂಗಳಿಗೆ 2 ಲಕ್ಷ. ಜಾಬ್ ವರ್ಕ್ ರೇಟು ನಿಗದಿ ಮಾಡುವವರು ಅವರಲ್ಲ, ದೊಡ್ಡ ಕಂಪನಿ. ಬಿಲ್ಲಿನ ಹಣ ತೊಂಬತ್ತು ದಿನಕ್ಕೂ ಬರುವುದಿಲ್ಲ. ಆ ಹೊತ್ತಿಗೆ ಹದಿನೈದನೇ ತಾರೀಕಿನ ಪಿಎಫ್ ಕಟ್ಟಲು ಬಡ್ಡಿಗೆ ಸಾಲ ಮಾಡಿರುತ್ತಾರೆ. ಕೂಲಿ ಏರಬೇಕು ಅಂದರೆ ಈ ರೇಟೂ ಏರಬೇಕು. ಇದನ್ನು ಬಿಟ್ಟು ಬರೀ ಅಧಿಸೂಚನೆ ಹೊರಡಿಸಿದರೆ ಏನಾಗುತ್ತದೆ? ರಿಜಿಸ್ಟರಿನಲ್ಲಿ ಒಂದು ಕೂಲಿ, ಕೈಗೆ ಒಂದು ಕೂಲಿ. ಹಾಗೆ ನಡೆಯುವುದನ್ನು ನೋಡಿದ್ದೇನೆ. ಖಾತೆಗೆ ಪೂರ್ತಿ ಹಾಕಿ, ಅರ್ಧವನ್ನು ನಗದಾಗಿ ವಾಪಸ್ ಇಸಿದುಕೊಳ್ಳುವುದು.

ಇಲ್ಲಿ ತೆರಿಗೆಯ ಕಾನೂನು ಕೆಲಸಕ್ಕೆ ಬರಬಹುದು. ಈಗಾಗಲೇ ಒಂದು ಒಳ್ಳೆಯ ಉದಾಹರಣೆ ಇದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲಿ ಈ ನಿಯಮ ಬಂದಿದೆ. ತಡ ಮಾಡಿದವರು ಆ ವರ್ಷ ಹೆಚ್ಚು ತೆರಿಗೆ ಕಟ್ಟುತ್ತಾರೆ. ನಾನು ಲೆಕ್ಕ ನೋಡುವ ಕಡೆ ಮಾರ್ಚ್ ಬಂದರೆ ಹಳೆಯ ಬಿಲ್ಲುಗಳಿಗೆ ಹಣ ಬರಲು ಶುರುವಾಗಿದೆ. ಹೊಸದಾಗಿ ಕೆಲಸಕ್ಕೆ ಸೇರಿಸಿಕೊಂಡವರ ಸಂಬಳದ ಮೇಲೆ 30 ಪರ್ಸೆಂಟ್ ಹೆಚ್ಚುವರಿ ಕಡಿತವನ್ನು ಮೂರು ವರ್ಷ ಕೊಡುವ ಇನ್ನೊಂದು ನಿಯಮವೂ ಇದೆ. ಆದರೆ ಅದು ತಿಂಗಳಿಗೆ 25 ಸಾವಿರದೊಳಗಿನ ಸಂಬಳಕ್ಕೆ, ಅದೂ ಟ್ಯಾಕ್ಸ್ ಆಡಿಟ್ ಇರುವವರಿಗೆ ಮಾತ್ರ. ಸಣ್ಣ ಲೇತ್ ಶಾಪಿಗೆ ಅದು ಎಟುಕುವುದಿಲ್ಲ. ಕೂಲಿ ಏರಿಸಿದ ಸಣ್ಣ ಮಾಲೀಕನಿಗೆ ಮೊದಲ ಎರಡು ಮೂರು ವರ್ಷ ಪಿಎಫ್ ಪಾಲಿನಲ್ಲಿ ನೆರವು ಕೊಟ್ಟರೆ, ಅದು 25 ಲಕ್ಷ ಆದಾಯದವರಿಗೆ ಕೊಟ್ಟ ಒಂದು ಲಕ್ಷಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬುತ್ತೇನೆ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಸರ್ಕಾರ ಬೇರೆ ಬೇರೆ ಕಡೆ ಎಳೆದಿರುವ ಗೆರೆಗಳು.

ಆದಾಯ ತೆರಿಗೆಯ ಗೆರೆ ಹೇಗೆ ಸರಿಯಿತು ನೋಡಿ. 2014ರಲ್ಲಿ 2.5 ಲಕ್ಷ ಮಾಡಿದರು. 2019ರಲ್ಲಿ ರಿಯಾಯಿತಿ ಸೇರಿ 5 ಲಕ್ಷದವರೆಗೆ ತೆರಿಗೆ ಇಲ್ಲ ಎಂದಾಯಿತು. 2023ರಲ್ಲಿ 7 ಲಕ್ಷ. ಈಗ 12 ಲಕ್ಷ.

ಇಎಸ್‌ಐ ಗೆರೆ ತಿಂಗಳಿಗೆ 21 ಸಾವಿರ. 2017ರ ಜನವರಿಯಿಂದ ಅಲ್ಲೇ ನಿಂತಿದೆ. ಪಿಎಫ್ ಗೆರೆ 15 ಸಾವಿರ. 2014ರ ಸೆಪ್ಟೆಂಬರ್‌ನಿಂದ ಅಲ್ಲೇ ನಿಂತಿದೆ. ನಮ್ಮ ರಾಜ್ಯದ ಬಿಪಿಎಲ್ ಕಾರ್ಡಿನ ಗೆರೆ ಕುಟುಂಬಕ್ಕೆ ವರ್ಷಕ್ಕೆ 1 ಲಕ್ಷದ 20 ಸಾವಿರ.

ಇದನ್ನು ಕರಡು ಅಧಿಸೂಚನೆಯ ಪಕ್ಕ ಇಟ್ಟು ನೋಡಿ. ಬೆಂಗಳೂರಿನಲ್ಲಿ ಕನಿಷ್ಠ ವೇತನ 23,376 ಆದರೆ ಅತಿ ಕಡಿಮೆ ಸಂಬಳದ ಹೆಲ್ಪರೂ ಇಎಸ್‌ಐಯಿಂದ ಹೊರಗೆ. ನಡೆಯುತ್ತಿರುವ ಅರ್ಧ ವರ್ಷದ ಅವಧಿ ಮುಗಿಯುವವರೆಗೆ ಇರುತ್ತಾರೆ, ಆಮೇಲೆ ಇಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋದವರಿಗೆ ಗೊತ್ತು ಅದರ ಬೆಲೆ ಏನು ಅಂತ. ಕ್ಯೂ ಉದ್ದ ಇರುತ್ತದೆ, ನಿಜ. ಆದರೂ ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ಮನೆಯವರಿಗೆಲ್ಲ ಸಿಗುತ್ತದೆ. ಹೆರಿಗೆಗೆ 26 ವಾರ ಸಂಬಳ. ಕಾಯಿಲೆ ಬಿದ್ದರೆ 91 ದಿನ ಸಂಬಳದ 70 ಪರ್ಸೆಂಟ್. ಮಾಲೀಕರ 3.25, ಕೆಲಸಗಾರರ 0.75, ಎರಡೂ ಸೇರಿ 4 ಪರ್ಸೆಂಟಿಗೆ ಇದೆಲ್ಲ. 23,376ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 935 ರೂಪಾಯಿ. ಹೊರಗೆ ಇಷ್ಟು ಹಣಕ್ಕೆ ಇಡೀ ಮನೆಗೆ ಇಂಥ ವಿಮೆ ಯಾರೂ ಕೊಡುವುದಿಲ್ಲ. ಬಹುಪಾಲು ಕೆಲಸಗಾರರ, ಮಾಲೀಕರ ವಂತಿಗೆಯಲ್ಲೇ ನಡೆಯುವ ಯೋಜನೆ ಇದು. ಗೆರೆಯನ್ನು 30 ಸಾವಿರಕ್ಕೋ 35 ಸಾವಿರಕ್ಕೋ ಸರಿಸಲು ಸರ್ಕಾರಕ್ಕೆ ಒಂದು ಲಕ್ಷ ಕೋಟಿ ಬೇಕಿಲ್ಲ.

ಬಿಪಿಎಲ್ ಕಥೆ ಇನ್ನೂ ವಿಚಿತ್ರ. ಈಗಿನ ಕಡಿಮೆ ಕೂಲಿಯಲ್ಲೇ, ಒಬ್ಬರೇ ದುಡಿದರೂ, ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ಅಂದರೆ ಸರ್ಕಾರ ತಾನೇ ನಿಗದಿ ಮಾಡಿದ ಕನಿಷ್ಠ ವೇತನವನ್ನು ಸರಿಯಾಗಿ ಪಡೆದ ಪ್ರತಿ ಮನೆಯೂ ಕಾಗದದ ಮೇಲೆ ಬಡತನದಿಂದ ಹೊರಗೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದಾದಾಗ ಎಷ್ಟು ಗಾಬರಿ ಆಯಿತು ನೆನಪಿದೆಯಲ್ಲ. ಆಮೇಲೆ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಎಂದರು. ಗಾಡಿ ಸಾಲಕ್ಕೆ ಬ್ಯಾಂಕಿನವರು ಕೇಳಿದರು ಅಂತ ಸೊನ್ನೆ ತೆರಿಗೆಯ ರಿಟರ್ನ್ ತುಂಬಿದ ಆಟೋ ಓಡಿಸುವವರು ನನ್ನ ಆಫೀಸಿಗೆ ಬಂದು, ಸಾರ್, ನನ್ನ ಕಾರ್ಡ್ ಹೋಗಿಬಿಡುತ್ತಾ ಅಂತ ಕೇಳಿದ್ದಾರೆ. ರಿಟರ್ನ್ ತುಂಬುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಈ ಸಣ್ಣ ವ್ಯತ್ಯಾಸ ಸರ್ಕಾರದ ಕಂಪ್ಯೂಟರಿಗೂ ಗೊತ್ತಿರಬೇಕು. ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಯಜಮಾನಿಯೋ ಅವರ ಗಂಡನೋ ತೆರಿಗೆ ಕಟ್ಟುವವರಾಗಿರಬಾರದು ಎಂಬ ನಿಯಮ ಇದೆ.

ಹಾಗಾಗಿ ಸಂಬಳ ಸಾವಿರ ಏರಿದಾಗ ಕೆಲವರು ಖುಷಿಯ ಬದಲು ಹೆದರುತ್ತಾರೆ. ಇಎಸ್‌ಐ ಹೋಗುತ್ತಾ, ಕಾರ್ಡ್ ಹೋಗುತ್ತಾ ಅಂತ. ಬೇಸಿಕ್ ಜಾಸ್ತಿ ತೋರಿಸಬೇಡಿ ಎಂದು ಕೆಲಸಗಾರರೇ ಮಾಲೀಕರನ್ನು ಕೇಳಿಕೊಳ್ಳುವ ಸ್ಥಿತಿ ಬರಬಾರದು. ಬಂದರೆ ಅದು ನೀತಿ ಮಾಡಿದವರ ಹೊಣೆ.

ನಾನು ಕೇಳುವುದು ದೊಡ್ಡದೇನಲ್ಲ. ಕನಿಷ್ಠ ವೇತನ ಏರಿದ ದಿನವೇ ಇಎಸ್‌ಐ, ಪಿಎಫ್, ಬಿಪಿಎಲ್ ಗೆರೆಗಳೂ ಏರಬೇಕು. ಡಿಎಯನ್ನು ಯಾವ ಸರ್ಕಾರವೂ ಆದೇಶ ಮಾಡಿ ಮುಂದೂಡಲು ಬರದಂತೆ ಕಾನೂನಿನಲ್ಲೇ ಬರೆಯಬೇಕು. ಐದು ವರ್ಷಕ್ಕೊಮ್ಮೆ ಮಾಡುವ ಪರಿಷ್ಕರಣೆಗೆ ತಾರೀಕು ಇರಬೇಕು. ಬಜೆಟ್ ಫೆಬ್ರವರಿ 1ಕ್ಕೆ ಎಂದು ದೇಶಕ್ಕೆಲ್ಲ ಗೊತ್ತಿದೆ. ಕೂಲಿ ಪರಿಷ್ಕರಣೆಯ ದಿನ ಯಾವುದು ಅಂತ ಇಲ್ಲಿ ಯಾರಿಗಾದರೂ ಗೊತ್ತಾ? ಐದು ವರ್ಷ ಸುಮ್ನೆ ಬಿಟ್ಟು ಒಂದೇ ಸಲ ದುಪ್ಪಟ್ಟು ಮಾಡಲು ಹೋದರೆ ಮಾಲೀಕರು ಬೆಚ್ಚುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ವರ್ಷ ವರ್ಷ ಮೊದಲೇ ತಿಳಿಸಿ ಏರಿಸಿದರೆ ಅವರೂ ರೇಟಿನಲ್ಲಿ ಸೇರಿಸಿಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ನಮ್ಮ ರಾಜ್ಯದ ಬಗ್ಗೆ ಹೆಮ್ಮೆ ಇದೆ. ಮನೆಗೆಲಸದವರಿಗೂ ಕನಿಷ್ಠ ವೇತನ ಇರಬೇಕು ಎಂದು 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ಇದು. ಇಲ್ಲಿರುವ ನೌಕರರಲ್ಲಿ ಒಂದು ಕೇಳಿಕೆ. ಈ ಏಪ್ರಿಲ್‌ನಿಂದ ನಿಮ್ಮ ಟಿಡಿಎಸ್ ಕಡಿಮೆಯಾಗಿದೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯೂರಿಟಿಯವರಿಗೆ ಏಪ್ರಿಲ್ 1ರ ಡಿಎ ಸಿಕ್ಕಿದೆಯಾ ಅಂತ ಒಮ್ಮೆ ವಿಚಾರಿಸಿ. ಸಂಘದ ಸಭೆಯಲ್ಲಿ ಮೇಂಟೆನೆನ್ಸ್ ಜಾಸ್ತಿಯಾಯಿತು ಎಂದು ಕೂಗುವ ಮೊದಲು ಏಜೆನ್ಸಿಯ ಬಿಲ್ಲಿನಲ್ಲಿ ಅವರ ಕೂಲಿ ಎಷ್ಟು ಎಂದು ನೋಡಿ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಕೊನೆಯಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬರು ಎದ್ದು, "ಸಾರ್, ನನಗೆ ಕೊಡ್ತಿರೋದು ಸರಿಯಾದ ಕೂಲಿನಾ ಅಂತ ನಾನೇ ಹೇಗೆ ತಿಳ್ಕೊಳ್ಳೋದು?" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

"ಮೊದಲು ಪೇ ಸ್ಲಿಪ್ ಇಸ್ಕೊಳ್ಳಿ ಅಮ್ಮ. ಕೊಡಲ್ಲ ಅಂದರೆ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ ಇಟ್ಟುಕೊಳ್ಳಿ. ಸ್ಲಿಪ್ಪಿನಲ್ಲಿ ಬೇಸಿಕ್ ಮತ್ತು ಡಿಎ ಎರಡನ್ನೇ ಕೂಡಿಸಿ. ಓಟಿ, ಹಾಜರಾತಿ ಬೋನಸ್ಸು ಇವನ್ನೆಲ್ಲ ಸೇರಿಸಬೇಡಿ. ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಉದ್ಯೋಗದ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ವಲಯ ಯಾವುದು, ನಿಮ್ಮನ್ನು ಹೆಲ್ಪರ್ ಅಂತ ಹಾಕಿದ್ದಾರಾ ಟೈಲರ್ ಅಂತ ಹಾಕಿದ್ದಾರಾ ನೋಡಿ. ಹತ್ತು ವರ್ಷ ಮೆಷಿನ್ ಮೇಲೆ ಕೂತವರನ್ನೂ ಹೆಲ್ಪರ್ ಅಂತ ತೋರಿಸಿರುವುದುಂಟು. ಏಪ್ರಿಲ್ ಸ್ಲಿಪ್ಪಿನ ಡಿಎ ಮಾರ್ಚ್‌ಗಿಂತ ಹೆಚ್ಚಿರಬೇಕು. ಓಟಿ ಮಾಡಿದ್ದರೆ ಗಂಟೆಗೆ ಎರಡರಷ್ಟು ಲೆಕ್ಕ. ಕಡಿಮೆ ಕಂಡರೆ ಒಬ್ಬರೇ ಹೋಗಿ ಕೇಳಬೇಡಿ. ನಿಮ್ಮ ಲೈನಿನ ನಾಲ್ಕು ಜನರ ಸ್ಲಿಪ್ ಸೇರಿಸಿಕೊಂಡು ಯೂನಿಯನ್ನಿನವರ ಹತ್ತಿರವೋ ಲೇಬರ್ ಆಫೀಸಿಗೋ ಹೋಗಿ. ಕಡಿಮೆ ಕೊಟ್ಟದ್ದರ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸುವ ಅಧಿಕಾರ ಕಾನೂನಿನಲ್ಲಿದೆ. ಅದನ್ನು ಅರ್ಜಿಯಲ್ಲೇ ಬರೆದು ಕೇಳಿ."

ಅವರು ಬ್ಯಾಗಿನಿಂದ ಏಪ್ರಿಲ್ ತಿಂಗಳ ಸ್ಲಿಪ್ ತೆಗೆದರು. ಪಕ್ಕದಲ್ಲಿದ್ದವರೂ ತಮ್ಮದನ್ನು ತೆಗೆದರು. ಅವನ್ನು ಒಂದೊಂದಾಗಿ ನೋಡುತ್ತಾ ಸಭಾಂಗಣದವರು ಬೀಗ ಹಾಕಬೇಕು ಅನ್ನುವವರೆಗೂ ಅಲ್ಲೇ ಕೂತಿದ್ದೆವು.